ಹೊಸಮನಿ ಸಾಹೇಬರ ಕಿವಿಗುಂಡಿ

ಕೇಳಿದ ಪ್ರಶ್ನೆಗೆ ಉತ್ತರ ಪಿಸುಗುಟ್ಟುವ ಪುಟ್ಟ ಯಂತ್ರದ ಗುಂಡಿ ಶಾಲೆಯಲ್ಲಿ ಎಲ್ಲರ ಕಿವಿಯಲ್ಲೂ ಇತ್ತು. ಜಾಣ ಮಕ್ಕಳಿಗೆ ಅದು ಸುಳಿವಷ್ಟೇ ಕೊಡುತ್ತಿತ್ತು. ದಡ್ಡರೆಂದು ದಾಖಲಾದವರಿಗೆ ಪೂರ್ತಿ ಉತ್ತರವನ್ನೇ ಹೇಳುತ್ತಿತ್ತು. ಆರನೇ ತರಗತಿಯ ನೀಲವ್ವನಿಗೆ ಮಾತ್ರ ಗುಂಡಿ ಹಾಕಿದರೆ ಕಿವಿ ಸೋರುತ್ತಿತ್ತು. ಹಾಗಾಗಿ ಸರೋಜಾ ಅಕ್ಕೋರು ಅವಳಿಗೆ ರೊಟ್ಟಿ ಮುರಿದು ಲೆಕ್ಕ ಕಲಿಸಿದ್ದರು.

ತಪಾಸಣೆಗೆ ಬಂದ ಹೊಸಮನಿ ಸಾಹೇಬರು ಅವಳನ್ನೇ ಎಬ್ಬಿಸಿದರು.

"ಮುಕ್ಕಾಲಿನ ಅರ್ಧ ಎಷ್ಟವ್ವಾ?"

"ಎಂಟರಾಗ ಮೂರು ಪಾಲ್ರೀ."

ಸರಿಯೋ ತಪ್ಪೋ ಹೇಳಬೇಕಾದ ಸಾಹೇಬರ ಗುಂಡಿಯ ಬ್ಯಾಟರಿ ಆಗಲೇ ಮುಗಿಯಬೇಕೇ? ಅವರು ಕಿವಿ ತಟ್ಟಿಕೊಂಡರು, ಬೆವರಿದರು. ನೀಲವ್ವನಿಗೆ ಪಾಪ ಅನ್ನಿಸಿತು. ತನ್ನ ಬುತ್ತಿಯ ರೊಟ್ಟಿಯನ್ನು ಅವರ ಕೈಗಿಟ್ಟಳು.

"ಮೊದಲ ನಾಕು ತುಂಡು ಮಾಡ್ರಿ. ಒಂದು ತಗದಿಡ್ರಿ. ಉಳದ ಮೂರನ್ನೂ ಅರ್ಧರ್ಧ ಮಾಡ್ರಿ. ಅದರಾಗ ಅರ್ಧ ನಿಮಗ, ಅರ್ಧ ಅಕ್ಕೋರಿಗೆ. ನಿಮ್ಮ ಪಾಲಿಗೆ ಎಷ್ಟು ಬಂದುವು?"

"ಮೂರು."

"ಇಂಥವು ಇಡೀ ರೊಟ್ಟಿಗೆ ಎಷ್ಟು ಆಗ್ತಾವ್ರಿ?"

ಸಾಹೇಬರು ಬೆರಳು ಮಡಚಿದರು. "ಎಂಟು! ಎಂಟರಾಗ ಮೂರು!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು.

ಆಮೇಲೆ ಮೂರೂ ತುಂಡು ತಿಂದು, ಕೈ ಒರೆಸಿಕೊಂಡು ವರದಿ ಬರೆದರು:

"ವಿದ್ಯಾರ್ಥಿನಿಗೆ ಗುಂಡಿ ಇಲ್ಲ. ಅಧಿಕಾರಿಗಳಿಗೇ ಪ್ರಶ್ನೆ ಹಾಕುತ್ತಾಳೆ. ನಾಳೆಯಿಂದ ಎರಡೂ ಕಿವಿಗೆ ಗುಂಡಿ ಹಾಕತಕ್ಕದ್ದು."