ಬಿಳಿ ಕುರ್ಚಿಯ ಕೆಂಪು ದಿಂಬು

ಬಿಳಿ ಕುರ್ಚಿಯ ಮೇಲೆ ಹೊಸದಾಗಿ ಬಂದು ಕೂತ ಕೆಂಪು ದಿಂಬನ್ನು ಅವಳು ಸವತಿಯನ್ನು ನೋಡಿದ ಹಾಗೆ ನೋಡಿದಳು. ಗೋಡೆ, ಪರದೆ, ಮೇಜು ಎಲ್ಲ ಬೆಳ್ಳಗೇ ಇರಬೇಕು ಅಂತ ಮದುವೆಯಾದಾಗಿನಿಂದ ಹಟ ಹಿಡಿದಿದ್ದ ಗಂಡ ಮೊನ್ನೆ ಹಳದಿ ಲೋಟ ತಂದ. ಆಮೇಲೆ ಬಾಗಿಲ ಹಿಡಿಗೆ ನೀಲಿ ರಿಬ್ಬನ್ ಸುತ್ತಿದ. ಈಗ ಇದು.

"ಯಾರು ಆರಿಸಿಕೊಟ್ಟಿದ್ದು?"

"ಯಾರೂ ಇಲ್ಲ ಕಣೇ. ಮನೆಗೆ ಒಂಚೂರು ಕಳೆ ಬರಲಿ ಅಂತ," ಅಂದ ಅವನು, ಸ್ಕೂಲ್ ಬಸ್ ಡ್ರೈವರನ ಖಾಕಿ ತೊಡುತ್ತ ಒಳಗಿನಿಂದಲೇ.

ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ. ಯಾವಳೋ ಇದ್ದಾಳೆ. ದಿಂಬನ್ನು ಕಪಾಟಿಗೆ ತುರುಕಿ, ಬೇಕೆಂದೇ ಬಿಳಿ ಲೋಟದಲ್ಲಿ ಟೀ ತಂದಿಟ್ಟಳು. ಕೇಳಲಿ, ಬಾಯಿ ಬಿಡಿಸುತ್ತೇನೆ ಅಂದುಕೊಂಡಳು.

ಅವನು ನೇರ ಬಂದು ಕುರ್ಚಿಗೆ ಮೊಣಕಾಲು ಬಡಿಸಿಕೊಂಡ. ನೋವು ತೋರಗೊಡದೆ ಕೂತು ಕೈ ಚಾಚಿದ. ಕೈ ಲೋಟವನ್ನು ದಾಟಿ ಹೋಗಿ, ಮೇಜನ್ನು ಸವರುತ್ತ ವಾಪಸ್ಸು ಬಂತು.

"ಟೀ ಇಡಲಿಲ್ವಾ? ಹೋಗಲಿ ಬಿಡು, ಮಕ್ಕಳು ಕಾಯ್ತಿರ್ತಾರೆ. ಬಸ್ಸಿನ ಕೀ ಕೊಡು."

ಕೀ ಗೋಡೆಯ ಮೊಳೆಯಲ್ಲಿತ್ತು. ಅದಕ್ಕೂ ಕಿತ್ತಳೆ ಬಣ್ಣದ ದಾರ. ಅವಳು ಸದ್ದಿಲ್ಲದೆ ದಾರ ಬಿಚ್ಚಿ, ಕೀಯನ್ನು ಅವನ ಕೈಯಳತೆಯಲ್ಲೇ ಬಿಳಿ ಮೇಜಿನ ಮೇಲಿಟ್ಟಳು.

"ನಿಮ್ಮ ಮುಂದೇನೇ ಇದೆ ನೋಡಿ. ಕಂಡರೆ ತಗೊಂಡು ಹೋಗಿ."