ಒಂದು ಕುಟುಂಬ, ಒಂದು ಫಾರಂ

ಗಡಿಯಾಚೆಯ ಆಸ್ಪತ್ರೆಯಲ್ಲಿ ಮಗಳಿದ್ದಳು. ಅವಳ ಆಪರೇಷನ್ನಿನ ಹಣವನ್ನು ಸಂಜೆಯೊಳಗೆ ಕಟ್ಟಬೇಕಿತ್ತು. ಒಂದು ಕುಟುಂಬ ಗಡಿ ದಾಟಿಸಬಹುದಾದ ನಗದಿಗೆ ಮಿತಿಯಿತ್ತು. ಮೀರಿದರೆ ಅಷ್ಟೂ ಮುಟ್ಟುಗೋಲು. ಗಂಡ ಹೆಂಡತಿ ಹಣವನ್ನು ಎರಡು ಪಾಲು ಮಾಡಿಕೊಂಡು, ಬೇರೆ ಬೇರೆ ಫಾರಂ ತುಂಬಿ, ಗುರುತಿಲ್ಲದವರಂತೆ ಗಡಿ ತಪಾಸಣೆಯ ಸಾಲಿನಲ್ಲಿ ನಿಂತರು.

"ಜೊತೆಗೆ ಯಾರಿದ್ದಾರೆ?" ಎಂದು ಅಧಿಕಾರಿ ಅವಳನ್ನು ಕೇಳಿದ.

"ಯಾರೂ ಇಲ್ಲ ಸರ್. ಒಬ್ಬಳೇ."

"ಇಲ್ಲಿಗೆ ಎಲ್ಲರೂ ಒಬ್ಬೊಬ್ಬರೇ ಬರ್ತಾರೆ," ಎಂದು ಗೊಣಗುತ್ತ ಫಾರಂಗೆ ಮುದ್ರೆ ಒತ್ತಿದ.

ಗಂಡನ ಫಾರಂಗೂ ಮುದ್ರೆ ಬಿತ್ತು. ಕೌಂಟರಿನ ಆಚೆ ಅವನು ತನ್ನ ಪಾಲನ್ನು ಯಾರಿಗೂ ಕಾಣದಂತೆ ಅವಳ ಚೀಲಕ್ಕೆ ಸೇರಿಸಿದ. ಎರಡು ಹೆಜ್ಜೆ ಇಡುವಷ್ಟರಲ್ಲಿ ಎದೆ ಹಿಡಿದುಕೊಂಡು ಕುಸಿದ.

"ರೀ!" ಎಂದು ಅವಳು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಅಧಿಕಾರಿ ಓಡಿ ಬಂದ. "ಇವರು ನಿಮಗೇನಾಗಬೇಕು?"

"ನಮ್ಮ ಯಜಮಾನ್ರು ಸರ್. ಡಾಕ್ಟರನ್ನು ಕರೀರಿ!"

"ಹಾಗಾದರೆ ಒಂದೇ ಕುಟುಂಬ. ಚೀಲ ಕೊಡಿ ಇಲ್ಲಿ." ಅಧಿಕಾರಿ ಬಿದ್ದವನತ್ತ ಬಾಗಿದ. "ಹೌದೇನ್ರೀ, ಇವರು ನಿಮ್ಮ ಹೆಂಡತಿಯೇ?"

ಗಂಡ ಅವಳ ಮಡಿಲಿನಿಂದ ತಲೆ ಸರಿಸಿ ನೆಲಕ್ಕಿಟ್ಟ.

"ಅಲ್ಲ ಸರ್, ಯಾರೋ ಪುಣ್ಯಾತ್ಗಿತ್ತಿ. ಗಾಬರಿಯಲ್ಲಿ ಏನೋ ಅಂದ್ರು. ಅವರನ್ನು ಕಳಿಸಿಬಿಡಿ, ಹೊತ್ತಾಗುತ್ತೆ."