ಮನೆ ನೋಡಲು ಬಂದವರು

"ಬೆಳಿಗ್ಗೆ ಬರ್ತೀವಿ ಅಂದೋರು ಈಗ ಬಂದ್ರಾ? ಬೇಲಿಯಾಚೆ ನಿಂತು ಏನು ನೋಡ್ತೀರಿ, ಒಳಗೆ ಬನ್ನಿ," ಎಂದಳು ಮುದುಕಿ, ಸೌತೆಬಳ್ಳಿಗೆ ನೀರು ಹಾಕುತ್ತಿದ್ದ ಡಬ್ಬವನ್ನು ಕೆಳಗಿಟ್ಟು.

ಬೇಲಿಯ ಮೇಲೆ 'ಮನೆ ಮಾರಾಟಕ್ಕಿದೆ' ಎಂಬ ಹಲಗೆಯಿತ್ತು. ನಾವಲ್ಲ ಎನ್ನಲು ಯೆಫಿಮ್ ಬಾಯಿ ತೆರೆದ. ಅಷ್ಟರಲ್ಲಿ ಅವನ ಹೆಂಡತಿ ತೈಸಿಯಾ, "ರೈಲು ತಡವಾಯ್ತು, ಅಜ್ಜಿ," ಎಂದುಬಿಟ್ಟಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ.

ಅವರು ಈ ಊರಲ್ಲಿ ಇಳಿದದ್ದು ರೈಲು ಬದಲಾಯಿಸಲು ಮಾತ್ರ. ಮುಂದಿನದು ಸಂಜೆಗೆ. ತೈಸಿಯಾಳನ್ನು ಅವಳ ಅಕ್ಕನ ಮನೆಗೆ ಬಿಟ್ಟು ಯೆಫಿಮ್ ಒಬ್ಬನೇ ಹಿಂದಿರುಗುವವನಿದ್ದ, ಚಳಿಗಾಲದೊಳಗೆ ವಿಚ್ಛೇದನ. ಜಗಳಗಳೆಲ್ಲ ಮುಗಿದು, ಆಡಲು ಮಾತೇ ಉಳಿದಿರಲಿಲ್ಲ. ಪೆಟ್ಟಿಗೆಗಳನ್ನು ನಿಲ್ದಾಣದಲ್ಲಿಟ್ಟು ಕಾಲು ಹೋದತ್ತ ನಡೆದು ಬಂದಿದ್ದರು. ಜೂನ್ ತಿಂಗಳು. ಪಾಪ್ಲರ್ ಮರಗಳ ಅರಳೆ ಬೀದಿತುಂಬ ತೇಲುತ್ತಿತ್ತು. ಊರಿಗೆ ಊರೇ ನಿದ್ದೆಗಣ್ಣಲ್ಲಿ ಎದ್ದು ಓಡಾಡುತ್ತಿರುವಂತಿತ್ತು.

ಅಗ್ರಫೇನಾ ಎಂಬ ಆ ಮುದುಕಿ ಮರದ ಮನೆಯನ್ನು ಕೋಣೆಕೋಣೆಯಾಗಿ ತೋರಿಸಿದಳು. ಕೆತ್ತನೆಯ ಕಿಟಕಿಗಳು, ಅರ್ಧ ಅಡುಗೆಮನೆ ನುಂಗಿ ಕೂತ ಇಟ್ಟಿಗೆಯ ಒಲೆ, ಹಿತ್ತಲಲ್ಲಿ ಉಗಿಸ್ನಾನದ ಗುಡಿಸಲು.

"ಒಲೆ ಹೊಗೆ ಕಾರುತ್ತಾ?" ತೈಸಿಯಾ ಕೇಳಿದಳು.

"ಸೌದೆ ಹಸಿ ಇದ್ರೆ ಯಾವ ಒಲೆಯಾದ್ರೂ ಕಾರುತ್ತೆ ಮಗಳೇ. ಸಂಸಾರದ ಹಾಗೆ."

"ಸೂರು ಸೋರುತ್ತಾ?" ಎಂದ ಯೆಫಿಮ್.

"ಹತ್ತಿ ನೋಡಪ್ಪ. ಆದ್ರೆ ಆ ಕೈ ನೋಡಿದ್ರೆ ಏಣಿ ಕಂಡ ಹಾಗಿಲ್ಲ."

ಯೆಫಿಮ್ ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಯಿತೆಂದು ತೈಸಿಯಾ ನೆನೆದಳು. ಅಟ್ಟ ಹತ್ತಿದವನು ಧೂಳು ಮೆತ್ತಿಕೊಂಡು ಇಳಿದು, ಹೆಂಡತಿಯನ್ನು ಹಳೆಯ ಮುದ್ದಿನ ಹೆಸರಿನಿಂದ ಕರೆದು, "ತಾಸ್ಯಾ, ಮೇಲೊಂದು ಕಿಟಕಿ ಇದೆ. ನದಿ ಕಾಣುತ್ತೆ. ನಿನ್ನ ಹೊಲಿಗೆ ಮಷೀನು ಅಲ್ಲೇ ಇಡಬಹುದು," ಎಂದ.

"ಹೊಲಿಯೋಕೆ ದಿನಾ ಏಣಿ ಹತ್ತಬೇಕಾ ನಾನು?"

"ಮೆಟ್ಟಿಲು ಮಾಡಿದ್ರಾಯ್ತು."

ಎಲ್ಲ ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಇನ್ನೂ ಇಲ್ಲದ ಆ ಮೆಟ್ಟಿಲನ್ನು ಮನಸ್ಸಿನಲ್ಲೇ ಹತ್ತಿದಳು, ಕಿಟಕಿಯ ಮುಂದೆ ಕೂತಳು. ನದಿ ಹರಿಯುತ್ತಿತ್ತು. ಕೆಳಗೆ ಯಾರೋ ಸೌದೆ ಒಡೆಯುತ್ತಿದ್ದರು.

ಸೇಬಿನ ಮರದಡಿ ಚಹಾಕ್ಕೆ ಕೂತಿದ್ದಾಗ ಬೇಲಿಯ ಬಳಿ ಕಾರೊಂದು ನಿಂತಿತು. ಎಳೆಯ ಜೋಡಿಯೊಂದು ಇಳಿಯಿತು. "ಅಗ್ರಫೇನಾ ಅಜ್ಜಿ ಮನೆ ಇದೇನಾ? ನಿನ್ನೆ ಫೋನ್ ಮಾಡಿದ್ದೋರು ನಾವು."

ಅಗ್ರಫೇನಾ ತಿರುಗಿ ಇವರಿಬ್ಬರನ್ನು ನೋಡಿದಳು. "ಹಾಗಾದ್ರೆ ನೀವ್ಯಾರು?"

ಉತ್ತರ ಯೆಫಿಮ್ ಹೇಳಲೆಂದು ತೈಸಿಯಾ ಕಾದಳು. ಅವನು ತೋಳಿಗೆ ಮೆತ್ತಿದ್ದ ಅಟ್ಟದ ಧೂಳು ಕೊಡವತೊಡಗಿದ. "ರೈಲು ಬದಲಾಯಿಸೋಕೆ ಇಳಿದೋರು, ಅಜ್ಜಿ," ಎಂದಳು ಮೆಲ್ಲಗೆ. "ತಪ್ಪಾಯ್ತು."

ಮುದುಕಿ ಬೈಯಲಿಲ್ಲ. "ಅಷ್ಟು ಸೂಕ್ಷ್ಮವಾಗಿ ಕೇಳಿದ್ರಲ್ಲ, ಅದೂ ಸುಳ್ಳಾ?" ಎಂದು ಯಾರ ಉತ್ತರಕ್ಕೂ ಕಾಯದೆ, ಬಂದವರನ್ನು ಹಿತ್ತಲಿನತ್ತ ಕಳಿಸಿ ಚಹಾದ ನೀರು ಕಾಯುತ್ತಿದ್ದ ಸಮೋವಾರಿನ ಪಕ್ಕ ಕೂತಳು.

ನಿಲ್ದಾಣದ ಕಡೆಯಿಂದ ಸಂಜೆಯ ರೈಲಿನ ಕೂಗು ಕೇಳಿಸಿತು. ತೈಸಿಯಾ ಗಂಡನನ್ನು ನೋಡಿದಳು, ಅವನು ಅವಳನ್ನು. ಮೊದಲು ಏಳಬೇಕಾದವರು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ.

ಯೆಫಿಮ್ ತನ್ನ ಖಾಲಿ ಲೋಟವನ್ನು ಮುಂದೆ ಚಾಚಿದ. "ಅಜ್ಜಿ, ಇನ್ನರ್ಧ ಹಾಕಿ."